ಬೋಗುಣಿಯ ಕೆಳಗಿನ ಜೇಡ

ಕೋಪವನ್ನು ಒಳಗೆ ಮುಚ್ಚಿಟ್ಟು ಕಾಯುವವನು ಅದನ್ನು ಗೆದ್ದಂತೆಯೇ ಎಂದು ಆ ಮಠದಲ್ಲಿ ಎಲ್ಲರೂ ನಂಬಿದ್ದರು.

ಒಬ್ಬ ಶಿಷ್ಯ ಬಟ್ಟೆಯ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ಬಂದು ನಿಂತ. ಸ್ವಂತ ತಮ್ಮನ ಮೇಲೆ ಕುಡುಗೋಲು ಎತ್ತಿದ ಮೇಲೆ ಮಠಕ್ಕೆ ಬಂದು ಸೇರಿದವನು ಅವನು.

'ಗುರುಗಳೇ, ನನ್ನ ಕೋಪ ಎಲ್ಲಿದೆ ಎಂದು ನನಗೀಗ ಚೆನ್ನಾಗಿ ಗೊತ್ತು. ಮುಚ್ಚಿಟ್ಟಿದ್ದೇನೆ. ಅದರ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಇನ್ನು ನಾನು ತಮ್ಮನ ಜೊತೆ ಒಂದೇ ಮನೆಯಲ್ಲಿ ಇರಬಹುದಲ್ಲವೇ?'

ಗುರುಗಳು ಗಂಟಿನ ಕಡೆ ನೋಡಿದರು. 'ಅದನ್ನು ಕೆಳಗಿಡು. ಕೂತುಕೋ' ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಅದರ ಅಂಚಿನ ಮೇಲೆ ಕುಳಿತು ನೇಯಬೇಕು. ಕೈ ಲಾಳಿ ಎಸೆಯುತ್ತಿರುತ್ತದೆ, ಕಾಲು ಕೆಳಗಿನ ಹಲಗೆಗಳನ್ನು ತುಳಿಯುತ್ತಿರುತ್ತದೆ, ಕಣ್ಣು ನೂಲಿನ ಮೇಲಿರುತ್ತದೆ. ತನ್ನ ಕಾಲಿನ ಪಕ್ಕ ಏನಿದೆ ಎಂಬುದು ನೇಕಾರನಿಗೆ ಕಾಣುವುದಿಲ್ಲ. ಅದಕ್ಕೇ ಆ ಕೇರಿಯಲ್ಲಿ ಒಂದು ರೂಢಿ ಇತ್ತು. ಬೆಳಿಗ್ಗೆ ಮಗ್ಗಕ್ಕೆ ಕೂರುವ ಮೊದಲು ಪೊರಕೆಯಿಂದ ಗುಂಡಿಯ ಗೋಡೆಗಳನ್ನು ಬಡಿದು, ಆಮೇಲೆ ಕಾಲು ಇಳಿಸುವುದು. ಊಟ ಮಾಡಿ ಬಂದು ಕೂರುವಾಗ ಬಡಿಯುವ ರೂಢಿ ಇರಲಿಲ್ಲ.

ನೇಕಾರನಿಗೆ ಜೇಡ ಕಚ್ಚಿದ್ದು ಊಟದ ನಂತರ. ಕಾಲು ಮೇಲೆಳೆದುಕೊಂಡಾಗ, ಕಪ್ಪಗೆ, ಮೈತುಂಬ ಕೂದಲಿದ್ದ ಜೇಡವೊಂದು ಹಿಮ್ಮಡಿಯಿಂದ ಜಾರಿದ್ದನ್ನು ಕಂಡ. ಹೆಂಡತಿ ಓಡಿ ಬಂದಳು. ಮಗ್ಗದ ಕಂಬದ ಬುಡದಲ್ಲಿ, ಕಾಲುಗಳನ್ನು ಮಡಚಿಕೊಂಡು ಅದು ಕೂತಿತ್ತು. ಅವಳು ಪೊರಕೆ ಎತ್ತಿದಳು. ಪಕ್ಕದ ಮನೆಯ ಅಜ್ಜಿ ಕೈ ಹಿಡಿದಳು.

'ಕೊಂದುಗಿಂದೀಯೆ ಮಾರಾಯ್ತಿ! ಅದು ಸತ್ತರೆ ವಿಷ ಯಾರ ಮಾತೂ ಕೇಳುವುದಿಲ್ಲ, ಸೀದಾ ನಿನ್ನ ಗಂಡನ ಎದೆಗೇರುತ್ತದೆ. ಮುಚ್ಚು!'

'ತಪ್ಪಿಸಿಕೊಂಡು ಹೋದರೆ ಅಜ್ಜಿ?'

'ಅದಕ್ಕೇ ಮುಚ್ಚು ಅಂದದ್ದು. ಮಾತಾಡುತ್ತಾ ನಿಂತಳು ನೋಡು!'

ಹೆಂಡತಿ ಬಾಗಿದಳು. ಅವಳ ಸೆರಗು ಬೀಸಿದ ಗಾಳಿಗೆ ಅದು ಅಲುಗಿತು. ನೂಲಿಗೆ ಗಂಜಿ ಕಲಸುವ ಬೋಗುಣಿಯನ್ನು ಅದರ ಮೇಲೆ ಕವುಚಿ ಹಾಕಿದಳು. ಸುತ್ತಲೂ ಬೂದಿಯ ಗೆರೆ ಎಳೆದಳು. ಕಚ್ಚಿಸಿಕೊಂಡವನ ಗಾಯ ಪೂರಾ ಒಣಗುವವರೆಗೆ ಬೋಗುಣಿಯನ್ನು ಎತ್ತಬಾರದು, ಮುಚ್ಚಿದವರೇ ಕಾಯಬೇಕು. ಇದು ಕೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಹೇಗೆ ಗೊತ್ತಾಯಿತು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಕಾಲು ಊದಿತು, ಕೀವಾಯಿತು, ಆಮೇಲೆ ಮೆಲ್ಲಗೆ ಇಳಿಯಿತು. ನೋಡಿದಿರಾ, ಎಂದರು ಕೇರಿಯವರು. ಹೆಂಗಸರು ಬಂದು ಬೋಗುಣಿಗೆ ಕಿವಿ ಇಟ್ಟರು. ಒಳಗೆ ಏನೋ ನಡೆದಾಡುವ ಸದ್ದು ಕೇಳಿಸಿತು. ಮೊದಲು ಕೆಲವರಿಗೆ ಕೇಳಿಸಿತು, ಆಮೇಲೆ ಎಲ್ಲರಿಗೂ. ಕೇಳಿಸಲಿಲ್ಲ ಎಂದವರಿಗೆ ಇನ್ನೊಂದು ಸಲ ಕಿವಿ ಇಡಲು ಹೇಳಿದರು.

ಹೆಂಡತಿ ಕಿವಿ ಇಡಬೇಕಾಗಿಯೇ ಇರಲಿಲ್ಲ. ರೊಟ್ಟಿ ತಟ್ಟುವಾಗ ಕೇಳಿಸುತ್ತಿತ್ತು. ಅವಳು ತಟ್ಟುವುದನ್ನು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಮತ್ತೆ ತಟ್ಟಿದರೆ ಮತ್ತೆ ನಡೆಯುತ್ತಿತ್ತು. ಕೊನೆಗೆ ಅವಳು ತನ್ನ ಚಾಪೆಯನ್ನು ಬೋಗುಣಿಯ ಪಕ್ಕಕ್ಕೇ ತಂದು ಹಾಸಿಕೊಂಡಳು.

ಗಾಯದ ಮೇಲೆ ಹಕ್ಕಳೆ ಕಟ್ಟಿತು. ಅರ್ಧಕ್ಕೆ ನಿಂತ ಸೀರೆ ಮಗ್ಗದಲ್ಲೇ ಇತ್ತು. ಒಂದು ಬೆಳಿಗ್ಗೆ ನೇಕಾರ ಕುಂಟುತ್ತಾ ಮಗ್ಗದ ಹತ್ತಿರ ಹೋದ. ಹೆಂಡತಿ ಪೊರಕೆ ಮುಂದೆ ಹಿಡಿದಳು.

'ರೀ, ಗುಂಡಿ ಬಡಿದು ಕೂರಿ.'

'ಯಾಕೆ? ಕಳ್ಳನನ್ನು ಬೋಗುಣಿಯಡಿ ಕೂರಿಸಿಕೊಂಡು ನೀನೇ ಕಾವಲಿದ್ದೀಯಲ್ಲ! ಕಚ್ಚುವ ಜೇಡ ಎಲ್ಲಿದೆ ಎಂದು ಈ ಕೇರಿಯಲ್ಲಿ ಗೊತ್ತಿರುವುದು ನನಗೊಬ್ಬನಿಗೇ ಕಣೇ. ಉಳಿದವರು ಬಡಿದುಕೊಳ್ಳಲಿ.'

ಅವಳಿಗೂ ಅದು ಸರಿ ಎನಿಸಿತು. ಪೊರಕೆಯನ್ನು ಗೋಡೆಗೆ ಒರಗಿಸಿಟ್ಟಳು. ಅವನು ಕಾಲು ಇಳಿಸಿದ.

ಕಚ್ಚಿದ್ದು ಅದೇ ಕಾಲಿಗೆ.

ಅವನು ಕೂಗಿದಾಗ ಹೆಂಡತಿ ಗುಂಡಿಯ ಕಡೆ ನೋಡಲಿಲ್ಲ. ಬೋಗುಣಿಯ ಕಡೆ ನೋಡಿದಳು. ಅದು ಇದ್ದಲ್ಲೇ ಇತ್ತು. ಬೂದಿಯ ಗೆರೆ ಎಲ್ಲೂ ಅಳಿಸಿರಲಿಲ್ಲ. ಕೇರಿಯವರು ಸೇರಿದರು. ಅಜ್ಜಿ ಗೆರೆಯನ್ನು ಸುತ್ತಲೂ ನೋಡಿ, 'ಒಳಗಿದ್ದೇ ಕಚ್ಚಿದೆ' ಎಂದಳು. ಯಾರೂ ನಗಲಿಲ್ಲ. ಇಬ್ಬರು ಗಂಡಸರು ರುಬ್ಬುವ ಕಲ್ಲನ್ನು ಹೊತ್ತು ತಂದು ಬೋಗುಣಿಯ ಮೇಲಿಟ್ಟರು. ಕಲ್ಲಿಟ್ಟ ಮೇಲೆ ಸದ್ದು ಜೋರಾಯಿತು ಎಂದು ಕಿವಿ ಇಟ್ಟವರು ಹೇಳಿದರು. ಪೊರಕೆ ಗೋಡೆಗೆ ಒರಗಿಯೇ ಇತ್ತು.

ಈ ಸಲ ಕಾಲು ಕಪ್ಪಾಯಿತು. ಪೇಟೆಯ ವೈದ್ಯ ಅದನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದ. ಒಂದು ಕಾಲಿನಲ್ಲಿ ಗುಂಡಿಮಗ್ಗ ನಡೆಯುವುದಿಲ್ಲ. ಸೀರೆಯನ್ನು ಮತ್ತೊಬ್ಬ ನೇಕಾರ ಮುಗಿಸಿಕೊಟ್ಟ. ಕೂರುವ ಮೊದಲು ಅವನು ಗುಂಡಿ ಬಡಿದ, ಏನೋ ಹೊರಕ್ಕೆ ಬಿದ್ದು ಅಂಗಳದತ್ತ ಓಡಿತು, ಅವನು ಅದನ್ನು ಯಾರಿಗೂ ಹೇಳುವ ವಿಷಯ ಎಂದುಕೊಳ್ಳಲಿಲ್ಲ.

ಕತ್ತರಿಸಿದ ಜಾಗವೂ ಮಾಗಿತು. ಹೆಂಡತಿ ಬೋಗುಣಿಯ ಪಕ್ಕದಿಂದ ಏಳಲಿಲ್ಲ.

'ಇನ್ನಾದರೂ ಅದನ್ನು ಎತ್ತಿ ಬಿಸಾಡೇ' ಎಂದ ನೇಕಾರ. 'ನನ್ನಿಂದ ತೆಗೆದುಕೊಳ್ಳುವುದಕ್ಕೆ ಅದಕ್ಕೆ ಇನ್ನೇನು ಉಳಿದಿದೆ?'

'ಇನ್ನೊಂದು ಕಾಲು ಇದೆಯಲ್ಲ ರೀ' ಎಂದಳು ಅವಳು.

ಅವನು ನೆಲದ ಮೇಲೆ ತೆವಳಿಕೊಂಡು ಹೋದ. ಎರಡೂ ಕೈಯಿಂದ ಕಲ್ಲನ್ನು ಉರುಳಿಸಿದ. ಬೋಗುಣಿ ಎತ್ತಿದ.

ಇಷ್ಟಕ್ಕೆ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕಾದ. ಅವನ ಕೈ ಗಂಟಿನ ಮೇಲಿತ್ತು.

'ಅಷ್ಟು ದಿನ ಮುಚ್ಚಿಟ್ಟ ಜೇಡ ಏನು ಮಾಡಿತು ಗುರುಗಳೇ?'

'ಬೋಗುಣಿಯ ಕೆಳಗೆ ಮೊದಲಿನಿಂದಲೂ ಇದ್ದದ್ದು, ಜೇಡ ಕಳಚಿಟ್ಟು ಹೋದ ಒಣ ಪೊರೆ.'