ಕಪ್ಪು ತಂತಿಯ ಸರದಿ

ಮದುವೆ ಮುಂಜಿಗಷ್ಟೇ ಹೊರಡುತ್ತಿದ್ದ ಕಾರೊಂದರ ಬ್ಯಾಟರಿ ನಿಂತಲ್ಲೇ ನಿಂತು ಸೊರಗಿತು. ಅದನ್ನು ಇಳಿಸಿ ಹೊಸದನ್ನು ಕೂರಿಸಲು ಸ್ಪ್ಯಾನರ್ ಬಂತು. ಬ್ಯಾಟರಿಗೆ ಕೆಂಪು ತಂತಿಯೊಂದು, ಕಪ್ಪು ತಂತಿಯೊಂದು ಬಿಗಿದಿದ್ದವು.

"ಕಾರಿಗೆ ಶಕ್ತಿ ತರುವವನು ನಾನು. ಮೊದಲ ಮರ್ಯಾದೆ ನನಗೇ ಸಲ್ಲಬೇಕು," ಎಂದಿತು ಕೆಂಪು ತಂತಿ.

"ಅಣ್ಣಾ, ಮೊದಲು ನನ್ನನ್ನು ಬಿಚ್ಚು. ಇಲ್ಲದಿದ್ದರೆ ನಿನಗೇ ಅಪಾಯ," ಎಂದಿತು ಕಪ್ಪು ತಂತಿ.

ಗತ್ತಿನಿಂದ ಮಾತಾಡುವವರೆಂದರೆ ಸ್ಪ್ಯಾನರಿಗೆ ಒಂದು ತೂಕ ಹೆಚ್ಚು ಗೌರವ. ಅದು ಕೆಂಪು ತಂತಿಯ ನಟ್ಟಿಗೇ ಬಾಯಿ ಹಾಕಿತು. ತಿರುಗಿದ್ದೇ ತಡ, ಸ್ಪ್ಯಾನರಿನ ಬಾಲ ಕಾರಿನ ಕಬ್ಬಿಣದ ಮೈಗೆ ತಗಲಿ ಚಟಾರನೆ ಕಿಡಿ ಹಾರಿತು. ಸ್ಪ್ಯಾನರ್ ನೆಲಕ್ಕೆ ಬಿದ್ದು ನಡುಗಿತು.

"ನನ್ನ ಇನ್ನೊಂದು ತುದಿ ಕಾರಿನ ಮೈಗೇ ಸೇರಿದೆ. ನಾನು ಮೊದಲು ಬ್ಯಾಟರಿ ಬಿಟ್ಟರೆ ಆಮೇಲೆ ಕಿಡಿಗೆ ದಾರಿಯಿಲ್ಲ," ಎಂದು ಕಪ್ಪು ತಂತಿ ಮೆಲ್ಲನೆ ತಿಳಿಸಿತು.

ಈ ಸಲ ಸ್ಪ್ಯಾನರ್ ಕಪ್ಪನ್ನು ಬಿಚ್ಚಿ, ಆಮೇಲೆ ಕೆಂಪನ್ನು ಬಿಚ್ಚಿತು. ಹೊಸ ಬ್ಯಾಟರಿ ಕೂತಿತು. ನಾಚಿದ್ದ ಸ್ಪ್ಯಾನರ್ ಕಪ್ಪು ತಂತಿಯನ್ನು ಕರೆದು, "ಬಾರಪ್ಪಾ, ಮೊದಲ ಪೀಠ ನಿನ್ನದೇ," ಎಂದಿತು.

"ಬೇಡಣ್ಣಾ, ಆ ಕೆಂಪು ತಂತಿಯೇ ಮೊದಲು ಕೂರಲಿ. ಕಾವಲು ಕಾಯುವವನು ಮೊದಲು ಏಳಬೇಕು, ಕೊನೆಗೆ ಕೂರಬೇಕು," ಎಂದು ಕಪ್ಪು ತಂತಿ ಪಕ್ಕಕ್ಕೆ ಸರಿದು ನಿಂತಿತು.