ಅವ್ವನವರು ಮುಚ್ಚಿಟ್ಟ ದೊನ್ನೆ

ಪೂಜ್ಯ ಅಡಿವೆವ್ವ ತಾಯಿಯವರು ಎರೆಸೀಮೆಯ ಒಂದು ಸಣ್ಣ ಊರಿನ ಮಠದಲ್ಲಿದ್ದರು. ಮಠವೆಂದರೆ ಎರಡು ಮಣ್ಣಿನ ಕೋಣೆ, ಒಂದು ದಾಸೋಹದ ಒಲೆ, ಅಷ್ಟೇ. ನವರಾತ್ರಿಯ ಮೊದಲ ದಿನ ಊರ ರೈತರು ತಾವು ಬಿತ್ತಲಿರುವ ಜೋಳದಲ್ಲಿ ಐವತ್ತು ಕಾಳು ತಂದು, ತಮ್ಮ ಹೊಲದ ಮಣ್ಣು ತುಂಬಿದ ಮುತ್ತಲ ಎಲೆಯ ದೊನ್ನೆಯಲ್ಲಿ ಹಾಕಿ ದೇವಿಯ ಮುಂದೆ ಇಡುವ ಪದ್ಧತಿ ಅಲ್ಲಿತ್ತು.

ನಾಲ್ಕೆಕರೆಯ ಒಡೆಯ ಫಕೀರಗೌಡನಿಗೆ ಇದು ಹಿಡಿಸುತ್ತಿರಲಿಲ್ಲ. ಪಟ್ಟಣದಲ್ಲಿ ಎರಡು ವರ್ಷ ಕೃಷಿ ಓದಿದವನು. ಆ ವರ್ಷ ಹೆಂಡತಿ ನೀಲವ್ವನ ಒತ್ತಾಯಕ್ಕೆ ದೊನ್ನೆ ತಂದಿಟ್ಟನಾದರೂ ಬಾಯಿ ಸುಮ್ಮನಿರಲಿಲ್ಲ.

“ಹೊಲದಾಗ ಬೆಳೆದದ್ದು ದೇವಿಗೆ ಸಾಲದೇನ್ರಿ ಅವ್ವಾರ?”

“ಇದು ದೇವಿಗಲ್ಲ ತಮ್ಮಾ, ನಿನಗ,” ಎಂದರು ತಾಯಿಯವರು.

ಐದನೆಯ ದಿನ ಜನ ಕೂಡಿದಾಗ ಎಲ್ಲರ ದೊನ್ನೆಗಳಲ್ಲೂ ಹಸಿರು ತುಂಬಿತ್ತು. ಫಕೀರಗೌಡನ ದೊನ್ನೆ ಮಾತ್ರ ಅಲ್ಲಿರಲಿಲ್ಲ. ಜನ ಚದುರಿದ ಮೇಲೆ ತಾಯಿಯವರು ಅವನನ್ನು ಒಳಕ್ಕೆ ಕರೆದು, ತಮ್ಮ ಸೆರಗಿನಡಿ ಮುಚ್ಚಿಟ್ಟಿದ್ದ ದೊನ್ನೆಯನ್ನು ಅವನ ಮುಂದಿಟ್ಟರು.

“ಎಣಿಸು.”

ಐವತ್ತರಲ್ಲಿ ಒಂಬತ್ತು ಮೊಳಕೆ. ಮರುದಿನವೇ ಅವನು ಬಿತ್ತನೆಗೆ ಕೂರಿಗೆ ಕಟ್ಟುವವನಿದ್ದ. ಹಸ್ತಾ ಮಳೆಯ ಹಸಿ ಇನ್ನು ನಾಲ್ಕು ದಿನ ನಿಂತರೆ ಹೆಚ್ಚು. ಅದು ಆರಿದ ಮೇಲೆ ಮತ್ತೆ ಬಿತ್ತುವ ಮಾತೇ ಇರಲಿಲ್ಲ.

“ಬೀಜ ಎಲ್ಲಿಟ್ಟಿದ್ದಿ?”

“ತಗಡಿನ ಪೀಪಾಯಿಯಾಗ್ರಿ. ಅಟ್ಟದ ಮ್ಯಾಲೆ.”

“ಬ್ಯಾಸಗಿ ಪೂರಾ ಬೆಂದಾವ,” ಎಂದರು ತಾಯಿಯವರು.

ಎಲ್ಲರೆದುರು ಹೋಗಬೇಕಿದ್ದ ತನ್ನ ಮಾನವನ್ನು ಈ ತಾಯಿ ಸೆರಗಿನಲ್ಲಿ ಕಾಯ್ದರೆಂದು ಅವನಿಗೆ ಆಗ ಹೊಳೆಯಿತು. ಕಣ್ಣು ತುಂಬಿ ಬಂತು. “ಈಗೇನು ಮಾಡ್ಲಿ? ನೀವ ಬೀಜ ಕೊಡ್ರಿ ಅವ್ವಾರ,” ಎಂದು ಕೈಮುಗಿದ.

“ನನ್ನ ಕಡೆ ಎಲ್ಲೈತಿ? ಮನಿಗೆ ಹೋಗಿ ನೀಲವ್ವನ್ನ ಕೇಳು. ಪ್ರತಿ ವರ್ಷ ಈ ಒಲಿ ಬೂದಿ ಒಯ್ತಾಳ ಅಕಿ. ಪಾತ್ರಿ ತಿಕ್ಕಾಕ ಅಂತ ತಿಳಿದೀಯೇನು?”

ಮನೆಗೆ ಬಂದು ಕೇಳಿದಾಗ ನೀಲವ್ವ ಅಡುಗೆಮನೆಯ ಮೂಲೆಯಿಂದ ಮೂರು ಮಣ್ಣಿನ ಗಡಿಗೆ ಎಳೆದಳು. ಬೂದಿಯಲ್ಲಿ ಕಲಸಿ, ಬೇವಿನ ಸೊಪ್ಪು ಮುಚ್ಚಿ, ಬಾಯಿಗೆ ಸಗಣಿ ಮೆತ್ತಿದ ಜೋಳ. ಸುಗ್ಗಿಗೆ ಮುಂಚೆ ಹೊಲ ತಿರುಗಿ ಅವಳೇ ಆರಿಸಿದ ತೆನೆಗಳ ಕಾಳು ಅವು.

“ನನಗ್ಯಾಕ ಹೇಳಲಿಲ್ಲ?”

“ಹೋದ ವರ್ಷ ಹೇಳಿದ್ದೆ. ನಕ್ಕಿದ್ರಿ.”

ಮರುದಿನ ನೀಲವ್ವನೇ ಕೂರಿಗೆಯ ಬಟ್ಟಲಿಗೆ ಕಾಳು ಬಿಟ್ಟಳು. ವಾರದೊಳಗೆ ನಾಲ್ಕೆಕರೆಯೂ ಸಾಲು ತಪ್ಪದೆ ಹುಟ್ಟಿತು.

ಇದನ್ನು ಪವಾಡವೆಂದು ಕರೆದವರನ್ನು ತಾಯಿಯವರು ಗದರಿದರಂತೆ. ಆದರೆ ಆ ಮಾಘದಲ್ಲಿ ಹೊಲದ ಬದುವಿನಲ್ಲಿ ನಡೆದುಹೋದವರು ಒಂದು ನೋಟ ಕಂಡರು. ತೆನೆ ಬಲಿತ ಜೋಳದ ನಡುವೆ ನೀಲವ್ವ ಮುಂದೆ, ಫಕೀರಗೌಡ ಬುಟ್ಟಿ ಹೊತ್ತು ಹಿಂದೆ. ಪ್ರತಿ ತೆನೆಯನ್ನೂ ಮುಟ್ಟಿ, ಕೊಯ್ಯುವ ಮುನ್ನ ಅವನು ಕೇಳುತ್ತಿದ್ದ: “ಇದು ಬೀಜಕ್ಕ ಆದೀತೇನು?”