ಸಾವುಕಾರರ ಕೈಯ ಪೇಡೆ

ದ್ಯಾಮವ್ವ ಗುಟ್ಕಾ ಕಾರ್ಖಾನೆಯಲ್ಲಿ ಪಾಕೀಟು ತುಂಬುತ್ತಿದ್ದಳು. ಅಲ್ಲಿ ಗುಟ್ಕಾ ಪುಕ್ಕಟೆ, ಊಟಕ್ಕೆ ಬಿಡುವಿಲ್ಲ. ಹಸಿವಾದಾಗಲೆಲ್ಲ ಒಂದು ಚಿಟಿಕೆ ದವಡೆಗೆ ಒತ್ತಿಕೊಳ್ಳುತ್ತಿದ್ದಳು. ಬರಬರುತ್ತ ಕೆನ್ನೆಯ ಒಳಗೆಲ್ಲ ಬಿಳಿಚಿ ತೊಗಲಿನಂತೆ ಬಿಗಿಯಿತು. ಬಾಯಿ ಒಂದು ಬೆರಳಿನಷ್ಟೂ ತೆರೆಯದಾಯಿತು. ಗಂಜಿಯೇ ಅವಳ ಊಟವಾಯಿತು.

ಆ ವರ್ಷ ಊರಿನಲ್ಲಿ ಗುಟ್ಕಾ ಬೇಡವೆಂದು ಗುಲ್ಲೆದ್ದಿತು. ಮಾಲೀಕ ಶಿವಯೋಗೆಪ್ಪ ಸಾವುಕಾರರು ದೊಡ್ಡ ಸಭೆ ಕರೆದರು. ಹಳೆಯ ಆಳೆಂದು ದ್ಯಾಮವ್ವನನ್ನು ಆರಿಸಿದರು.

“ನಮ್ಮ ಮಾಲಿನಿಂದ ಏನೂ ಆಗೂದಿಲ್ಲ ಅಂತ ಎಲ್ಲಾರ ಮುಂದ ಹೇಳಬೇಕು. ಇಲ್ಲಂದ್ರ ನಾಳೆಯಿಂದ ನೀನೂ ಬರಬ್ಯಾಡ, ನಿನ್ನ ಮಗಳೂ ಬರೂದು ಬ್ಯಾಡ.”

“ಹೇಳ್ತೀನ್ರಿ ಸಾವ್ಕಾರ್ರ. ಆದ್ರ ಮೊದಲ ನಿಮ್ಮ ಕೈಯಾರೆ ನನ್ನ ಬಾಯಿ ಸಿಹಿ ಮಾಡ್ರಿ” ಅಂದಳು ದ್ಯಾಮವ್ವ.

ಸಾವುಕಾರರು ಹಿಗ್ಗಿದರು. ಸಭೆಯ ದಿನ ಎಲ್ಲರೂ ನೋಡುವಂತೆ ಒಂದು ಪೇಡೆ ಎತ್ತಿ ಅವಳ ಬಾಯಿಗೆ ಹಿಡಿದರು. ಪೇಡೆ ತುಟಿಗೆ ತಾಗಿ ನಿಂತಿತು. ಒತ್ತಿದರು. ಪುಡಿಪುಡಿಯಾಗಿ ಅವಳ ಸೆರಗಿನ ಮೇಲೆ ಉದುರಿತು. ಜನ ನಕ್ಕರು.

“ಬಾಯಿ ತೆಗಿಯವ್ವಾ!” ಎಂದು ಸಾವುಕಾರರು ಗದರಿದರು.

“ತೆಗದೀನ್ರಿ. ಇಷ್ಟ ತೆರೀತೈತಿ.”

ನಗು ನಿಂತಿತು. ಸಾವುಕಾರರು ಬಗ್ಗಿ ನೋಡಿದರು. ಜಿಡ್ಡು ಬೆರಳು ಒರೆಸಿಕೊಳ್ಳುವುದನ್ನೂ ಮರೆತು ಕುರ್ಚಿಯಲ್ಲಿ ಕುಸಿದರು.

ಕೆಳಗೆ ಕುಳಿತಿದ್ದ ಮಗಳು ತನ್ನ ಬಾಯಲ್ಲಿದ್ದ ಗುಟ್ಕಾ ಉಗುಳಿ ವೇದಿಕೆ ಹತ್ತಿದಳು. ಅವ್ವನ ಸೆರಗಿನಿಂದ ಪೇಡೆಯ ಪುಡಿ ಆರಿಸಿ, ಹಲ್ಲಿನ ಸಂದಿಯಲ್ಲಿ ಚೂರುಚೂರೇ ಇಡತೊಡಗಿದಳು. ಇಬ್ಬರೂ ಅಳುತ್ತಿದ್ದರು.